ಗೋಲುಕಂಬದ ಹಿಂದೆ ನಿಂತು

ಮಂಗಳೂರು ಸೆಂಟ್ರಲ್‌ನಿಂದ ಬೆಳಗ್ಗೆ ಐದರ ಸುಮಾರಿಗೆ ಹೊರಡುವ ಪರಶುರಾಮ್ ಎಕ್ಸ್‌ಪ್ರೆಸ್ ನೇತ್ರಾವತಿ ಸೇತುವೆ ದಾಟುವಾಗ ಇನ್ನೂ ಕತ್ತಲೆ. ಕೆಳಗೆ ಹೊಳೆ ಬಂತು ಎಂದು ಗೊತ್ತಾಗುವುದು ಗಾಲಿಯ ಸದ್ದು ಬದಲಾಗುವುದರಿಂದ ಮಾತ್ರ. ನೆಲದ ಮೇಲೆ ಗಡಗಡ ಎನ್ನುತ್ತಿದ್ದ ರೈಲು ಸೇತುವೆಗೆ ಹತ್ತಿದ ಕೂಡಲೇ ಟೊಳ್ಳಾಗಿ ಗುಂಯ್‌ಗುಡುತ್ತದೆ. ಈ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆ ಸದ್ದಿಗೆ ಕಿವಿಗೊಟ್ಟದ್ದು ಮಾತ್ರ ಆ ದಿನವೇ ಮೊದಲು. ಹೊರಟಿದ್ದು ಕೊಚ್ಚಿಗೆ. ಕಣ್ಣು ಕಾಣದವರು ಆಡುವ ಫುಟ್‌ಬಾಲ್ ನೋಡಲಿಕ್ಕೆ.

ಕರೆದವನು ನನ್ನ ಹಳೆಯ ವಿದ್ಯಾರ್ಥಿ. ನಾನು ಕರಾವಳಿಯ ಹೈಸ್ಕೂಲೊಂದರಲ್ಲಿ 31 ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದವನು, ಮಕ್ಕಳ ಬಾಯಲ್ಲಿ ಡ್ರಿಲ್ ಮಾಸ್ಟ್ರು. ಎಂಟನೇ ತರಗತಿಗೆ ಸೇರಿದಾಗ ಅವನು ತಂಡದ ಒಳ್ಳೆಯ ಓಟಗಾರ, ಎಡಗಾಲಿನ ಹುಡುಗ. ಒಂಬತ್ತಕ್ಕೆ ಬರುವ ಹೊತ್ತಿಗೆ ಸಂಜೆಯ ಆಟದಲ್ಲಿ ಚೆಂಡು ತಪ್ಪಿಸಿಕೊಳ್ಳತೊಡಗಿದ. ಪಕ್ಕದಲ್ಲೇ ಬಂದ ಪಾಸ್ ಕೂಡ ಅವನಿಗೆ ಸಿಗುತ್ತಿರಲಿಲ್ಲ. "ಕಣ್ಣು ಕಾಣುದಿಲ್ವಾ ನಿಂಗೆ?" ಎಂದು ನಾನು ಮೈದಾನದ ಆಚೆ ತುದಿಗೂ ಕೇಳುವ ಹಾಗೆ ಬೈದಿದ್ದೆ, ಒಂದು ಸಲವಲ್ಲ, ಹಲವು ಸಲ. ಆಮೇಲೆ ಅವನ ತಾಯಿ ಶಾಲೆಗೆ ಬಂದರು. ಅಕ್ಷಿಪಟಲದ ಕಾಯಿಲೆ, ಮೊದಲು ಇರುಳು ಕಾಣದಾಗುತ್ತದೆ, ಆಮೇಲೆ ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬರುತ್ತದೆ, ಮದ್ದಿಲ್ಲ ಅಂದಿದ್ದಾರೆ ಎಂದು ಹೇಳಿ ಹೋದರು.

ಮರುದಿನದಿಂದ ನಾನು ಅವನನ್ನು ಬೈಯಲಿಲ್ಲ. ಬದಲಿಗೆ ಮೈದಾನದಂಚಿನ ಗೋಳಿಮರದ ಕೆಳಗೆ ಕೂರಿಸಿದೆ. ಆಡುವ ಹುಡುಗರ ಅಂಗಿ, ವಾಚು, ಬ್ಯಾಗು ನೋಡಿಕೊಳ್ಳುವ ಕೆಲಸ ಕೊಟ್ಟೆ. ಎರಡು ವರ್ಷ ಅವನು ಅಲ್ಲಿ ಕೂತ. ಪಾಪದ ಹುಡುಗನಿಗೆ ಒಂದು ಜವಾಬ್ದಾರಿ ಕೊಟ್ಟೆ ಎಂದು ನಾನು ಸಮಾಧಾನಪಟ್ಟಿದ್ದೆ. ಬೈಗುಳಕ್ಕಿಂತ ಆ ದಯೆಯೇ ಅವನನ್ನು ಆಟದಿಂದ ದೂರ ಮಾಡಿತು ಎಂಬುದು ನನಗೆ ಹೊಳೆದದ್ದು ನಿವೃತ್ತಿಯ ನಂತರ.

ಈಗ ಅವನು ಎರ್ನಾಕುಳಂನಲ್ಲಿ ಬ್ಯಾಂಕ್ ಉದ್ಯೋಗಿ. ಹೊಸ ವರ್ಷದ ವಾರ ಫೋನ್ ಮಾಡಿ, "ಸರ್, ಭಾನುವಾರ ನಮ್ಮ ಆಟ ಉಂಟು. ಶನಿವಾರವೇ ಬನ್ನಿ, ನನ್ನ ರೂಮಿನಲ್ಲಿ ಉಳಿಯುವಾ" ಎಂದ. ಯಾವ ಆಟ ಎಂದು ಕೇಳುವ ಮುಂಚೆ ಅವನೇ ನಕ್ಕು, "ಫುಟ್‌ಬಾಲೇ ಸರ್" ಎಂದ.

ಕಾಸರಗೋಡು ದಾಟಿದ ಮೇಲೆ ಬೆಳಕಾಯಿತು. ಪಯ್ಯನ್ನೂರಿನ ಆಚೆ, ಕೊಯ್ಲು ಮುಗಿದ ಗದ್ದೆಯೊಂದರಲ್ಲಿ ಹುಡುಗರು ಬರಿಗಾಲಲ್ಲಿ ಆಡುತ್ತಿದ್ದರು. ಗೋಲಿಗೆ ಎರಡು ಅಡಕೆ ಸಲಾಕೆ. ರೈಲು ಅವರನ್ನು ದಾಟಲು ತೆಗೆದುಕೊಂಡದ್ದು ಎರಡು ಉಸಿರಿನಷ್ಟು ಹೊತ್ತು. ಆದರೆ ಆ ಬರಿಗಾಲು ನನ್ನ ತಲೆಯಲ್ಲಿ ಬಹಳ ದೂರ ಓಡಿತು.

1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ನಮ್ಮ ಫುಟ್‌ಬಾಲ್ ತಂಡದಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲೇ. ಫ್ರಾನ್ಸ್ ವಿರುದ್ಧ ನಾವು ಸೋತದ್ದು ಕೇವಲ 2–1ರಿಂದ. ಎರಡು ಪೆನಾಲ್ಟಿ ಕೈತಪ್ಪದಿದ್ದರೆ ಗೆಲ್ಲುತ್ತಲೇ ಇದ್ದೆವು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಅದು. ನಾಲ್ಕು ವರ್ಷ ಕಳೆದು, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ನಮಗೆ ಹತ್ತು ಗೋಲು ಹೊಡೆಯಿತು. ಅದರ ನಂತರ ಬೂಟು ಕಡ್ಡಾಯವಾಯಿತು. ಅಂತರರಾಷ್ಟ್ರೀಯ ಆಟಕ್ಕೆ ಅದು ಸರಿಯಾದ ನಿರ್ಧಾರವೇ. ಬೂಟಿನ ಎದುರು ಬರಿಗಾಲು ನಿಲ್ಲುವುದಿಲ್ಲ. ಆದರೆ ನಿಯಮ ಮೇಲಿನಿಂದ ಕೆಳಕ್ಕೆ ಇಳಿದು ಬರುವಾಗ ತನ್ನ ಕಾರಣವನ್ನು ಮೇಲೆಯೇ ಬಿಟ್ಟು ಬರುತ್ತದೆ. ನನ್ನ ಕಾಲದ ಒಂದು ತಾಲೂಕು ಮಟ್ಟದ ಪಂದ್ಯದಲ್ಲಿ ಬೂಟಿಲ್ಲದ ನಾಲ್ವರು ಮಕ್ಕಳನ್ನು ಗೆರೆಯ ಹೊರಗೇ ನಿಲ್ಲಿಸಿದರು. ಅವರಲ್ಲೊಬ್ಬ, ದೋಣಿಗೆ ಹೋಗುವವರ ಮನೆಯ ಹುಡುಗ, ಎದುರು ತಂಡದವನ ಬೂಟನ್ನೇ ಬೇಡಿ ತಂದು, ಎರಡು ಸೈಜು ದೊಡ್ಡದಾದ ಅದರ ಮೂತಿಗೆ ಪೇಪರ್ ತುರುಕಿ ಆಡಿದ. ಅರ್ಧ ಆಟದ ಹೊತ್ತಿಗೆ ಹಿಮ್ಮಡಿಯಿಂದ ರಕ್ತ ಬರುತ್ತಿತ್ತು. ಆ ದಿನ ನಾನು ಅವನ ಕಾಲಿಗೆ ಟಿಂಚರ್ ಹಚ್ಚಿದೆ, ನಿಯಮದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಕೋಝಿಕ್ಕೋಡ್ ದಾಟಿದ ಮೇಲೆ ಫುಟ್‌ಬಾಲಿನ ಸೀಮೆ. ತಿರೂರು, ಕುಟ್ಟಿಪ್ಪುರಂ, ನಡುವೆ ಬತ್ತಿದ ಭಾರತಪ್ಪುಳದ ಮರಳು. ಮಲಬಾರಿನವರ 'ಸೆವೆನ್ಸ್' ಆಟದ ಹಂಗಾಮು ಮಳೆಗಾಲ ಮುಗಿದ ಮೇಲೆ. ಗದ್ದೆಯಲ್ಲಿ ಬಿದಿರು, ಅಡಕೆಮರ ಕಟ್ಟಿ ಗ್ಯಾಲರಿ ಏಳುತ್ತದೆ, ರಾತ್ರಿ ಹೊನಲು ಬೆಳಕಿನಲ್ಲಿ ಏಳೇಳು ಜನರ ಆಟ, ಆಫ್ರಿಕಾದಿಂದಲೂ ಆಟಗಾರರು ಬರುತ್ತಾರೆ. 2022ರ ವಿಶ್ವಕಪ್ ಸಮಯದಲ್ಲಿ ಕೋಝಿಕ್ಕೋಡ್ ಸಮೀಪದ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಮಾರ್, ರೊನಾಲ್ಡೊರ ಆಳೆತ್ತರ ಮೀರಿದ ಕಟೌಟುಗಳು ಎದ್ದು ನಿಂತು ಜಗತ್ತಿಗೇ ಸುದ್ದಿಯಾದವು. ಇಂಥ ಪ್ರೀತಿ ನನಗೆ ಇಷ್ಟ. ಆದರೂ ನಾನು ನೋಡಿದ ಒಂದೆರಡು ಸೆವೆನ್ಸ್ ಪಂದ್ಯಗಳ ಗ್ಯಾಲರಿಯಲ್ಲಿ ಹೆಂಗಸರನ್ನು ಹುಡುಕಬೇಕಾಗಿತ್ತು, ಮೈದಾನದೊಳಗಂತೂ ಕೇಳುವುದೇ ಬೇಡ.

ಆಟದಿಂದ ಯಾರನ್ನಾದರೂ ಹೊರಗಿಡಬೇಕೆಂದರೆ ಆಡಬೇಡಿ ಎಂದು ಹೇಳಬೇಕಾಗಿಲ್ಲ. ಜಾಗ ಕೊಡದಿದ್ದರೆ ಸಾಕು. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳ ಹೆಣ್ಣುಮಕ್ಕಳು ಫುಟ್‌ಬಾಲ್ ತಂಡ ಕಟ್ಟಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ 'ಡಿಕ್, ಕೆರ್ ಲೇಡೀಸ್' ತಂಡದ ಆಟ ನೋಡಲು 53,000 ಜನ ಸೇರಿದ್ದರು. ಒಂದು ವರ್ಷ ಕಳೆಯುವುದರೊಳಗೆ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳಿಗೆ ಒಂದು ಸೂಚನೆ ಕಳಿಸಿತು: ನಿಮ್ಮ ಮೈದಾನಗಳನ್ನು ಹೆಂಗಸರ ಆಟಕ್ಕೆ ಕೊಡಬೇಡಿ. ಅಷ್ಟೇ. ಆ ಗೇಟು ಮತ್ತೆ ತೆರೆಯಲು ಐವತ್ತು ವರ್ಷ ಹಿಡಿಯಿತು. ತಲೆಗೆ ಬಟ್ಟೆ ಹೊದ್ದು ಆಡುವ ಹುಡುಗಿಯರಿಗೆ ಫಿಫಾ ಪೂರ್ತಿ ಒಪ್ಪಿಗೆ ಕೊಟ್ಟದ್ದು 2014ರಲ್ಲಿ, ಇತ್ತೀಚೆಗೆ.

ದೂರದ ಇಂಗ್ಲೆಂಡಿನ ಮಾತು ಯಾಕೆ? ನಾನು ಕಟ್ಟಿದ ಬಾಲಕಿಯರ ತಂಡ ಒಂದೇ ವರ್ಷದಲ್ಲಿ ಒಡೆದುಹೋಯಿತು. ಹುಡುಗಿಯರಿಗೆ ಆಸಕ್ತಿಯಿಲ್ಲ ಎಂದು ವರದಿ ಬರೆದೆ. ಬಹಳ ಕಾಲದ ಮೇಲೆ, ಮದುವೆ ಮನೆಯಲ್ಲಿ ಸಿಕ್ಕ ಆ ತಂಡದ ಗೋಲಿ ಹೇಳಿದಳು: "ಮೈದಾನದ ಹತ್ರ ಟಾಯ್ಲೆಟ್ ಇರ್ಲಿಲ್ಲ ಅಲ್ವಾ ಸರ್. ಮಧ್ಯಾಹ್ನದಿಂದ ನೀರು ಕುಡಿಯದೆ ಎಷ್ಟು ದಿನ ಆಡುದು?" ಶಾಲೆಯ ಕಟ್ಟಡಕ್ಕೂ ಮೈದಾನಕ್ಕೂ ಅರ್ಧ ಕಿಲೋಮೀಟರ್ ದೂರ. ಒಂದು ಕಕ್ಕಸು ಕೋಣೆ ಕಟ್ಟಿಸಲು ಏನು ಖರ್ಚು ಬೀಳುತ್ತಿತ್ತೋ ಅದಕ್ಕಿಂತ ಹೆಚ್ಚನ್ನು ನಾವು ಆ ವರ್ಷ ಟ್ರೋಫಿಗಳಿಗೆ ಸುರಿದಿದ್ದೆವು.

ಎರ್ನಾಕುಳಂ ಟೌನ್ ನಿಲ್ದಾಣದಲ್ಲಿ ಅವನು ಬಿಳಿ ಕೋಲು ಹಿಡಿದು ನಿಂತಿದ್ದ. ನಾನು ಹತ್ತಿರ ಹೋಗಿ ಮಾತಾಡುವ ಮೊದಲೇ, "ಸರ್, ಬಂದ್ರಾ? ಚಪ್ಪಲಿ ಎಳೆದು ನಡೆಯುದು ನೀವು ಬಿಡ್ಲಿಲ್ಲ" ಎಂದ. ಕೈ ಹಿಡಿದು ನಡೆಸಲು ಹೋದೆ. ಅವನು ಮೆತ್ತಗೆ ಬಿಡಿಸಿಕೊಂಡು ನನ್ನ ಮೊಣಕೈ ಮೇಲೆ ತನ್ನ ಕೈಯಿಟ್ಟ. "ಹೀಗೆ ಸರ್. ನೀವು ನನ್ನನ್ನು ಹಿಡಿದ್ರೆ ನೀವು ತಳ್ಳಿದ ಹಾಗೆ ಆಗ್ತದೆ. ನಾನು ನಿಮ್ಮನ್ನು ಹಿಡಿದ್ರೆ ನಿಮ್ಮೊಟ್ಟಿಗೆ ಬಂದ ಹಾಗೆ." ಟೌನ್ ಹಾಲ್ ನಿಲ್ದಾಣದಿಂದ ಮೆಟ್ರೊ ಹತ್ತಿದೆವು. ಮೆಟ್ರೊ ನಿಲ್ದಾಣಗಳ ನೆಲದಲ್ಲಿ ಹಳದಿ ಬಣ್ಣದ ಉಬ್ಬುಗೆರೆಯ ಟೈಲ್ಸ್ ಇರುತ್ತವಲ್ಲ, ಬೆಂಗಳೂರಿನಲ್ಲೂ ಅವನ್ನು ಎಷ್ಟೋ ಬಾರಿ ತುಳಿದಿದ್ದೇನೆ. ಉದ್ದ ಗೆರೆ ಇದ್ದರೆ ಮುಂದೆ ಹೋಗು, ಗುಂಡು ಚುಕ್ಕಿ ಇದ್ದರೆ ನಿಲ್ಲು ಎಂದು ಅವು ಹೇಳುತ್ತವೆ ಎಂಬುದನ್ನು ಅವನ ಕೋಲು ಓದುವುದನ್ನು ನೋಡಿ ತಿಳಿದುಕೊಂಡೆ. ಒಂದು ಕಡೆ ಆ ಸಾಲಿನ ಮೇಲೆಯೇ ಯಾರೋ ದೊಡ್ಡ ಸೂಟ್‌ಕೇಸ್ ಇಟ್ಟುಕೊಂಡು ಫೋನ್ ನೋಡುತ್ತಾ ನಿಂತಿದ್ದರು.

ರಾತ್ರಿ ಅವನ ರೂಮಿನಲ್ಲಿ ಕುಚ್ಚಲಕ್ಕಿ ಗಂಜಿ, ಬಂಗುಡೆ ಸಾರು. ಊಟದ ನಂತರ ಕಪಾಟಿನಿಂದ ಒಂದು ಚೆಂಡು ತೆಗೆದು ನನ್ನ ಕೈಗಿಟ್ಟ. ಮಾಮೂಲಿ ಫುಟ್‌ಬಾಲಿಗಿಂತ ಚಿಕ್ಕದು, ಆದರೆ ಭಾರ. ಅಲುಗಾಡಿಸಿದೆ. ಗೆಜ್ಜೆಯ ಸದ್ದಲ್ಲ. ಒಣಗಿದ ತೆಂಗಿನಕಾಯಿಯೊಳಗೆ ಕೊಬ್ಬರಿ ಗಿಟುಕು ಬಿಟ್ಟುಕೊಂಡು ಕಟಕಟ ಅನ್ನುತ್ತದಲ್ಲ, ಅದಕ್ಕೆ ಹತ್ತಿರ, ಅದಕ್ಕಿಂತ ಸ್ವಲ್ಪ ಲೋಹದ ಸದ್ದು. ಚರ್ಮದ ಪದರದ ಒಳಗೆ ತಗಡಿನ ಪುಟ್ಟ ಡಬ್ಬಿಗಳು, ಅವುಗಳೊಳಗೆ ಗುಂಡುಗಳು. ಚೆಂಡನ್ನು ನೆಲದ ಮೇಲಿಟ್ಟೆ. ಸದ್ದು ನಿಂತಿತು.

"ಈಗ ಚೆಂಡು ಇಲ್ಲ ಸರ್" ಎಂದ ಅವನು. "ಉರುಳದೆ ಇದ್ರೆ ನಮಗೆ ಅದು ಇಲ್ಲ. ಅದಕ್ಕೇ ಎರಡು ಕಾಲಿನ ನಡುವೆ ಆಚೆ ಈಚೆ ತಟ್ಟುತ್ತಾ ಇರ್ಬೇಕು, ಒಂದು ಕ್ಷಣ ಬಿಡ್ಬಾರ್ದು."

ಇಂಥ ಚೆಂಡು ಕೊಳ್ಳಲು ಹಣವಿಲ್ಲದಿದ್ದಾಗ ಹಳೆಯ ಫುಟ್‌ಬಾಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು ಆಡುತ್ತಾರೆ. ಉರುಳುವಾಗ ಚೀಲ ಸರಬರ ಎನ್ನುತ್ತದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ತರಬೇತಿಗೆ ಹೋಗಿದ್ದಾಗ ಹಾಸ್ಟೆಲಿನ ಅಂಗಳದಲ್ಲಿ ಅವನು ಆಡಲು ಮತ್ತೆ ಶುರು ಮಾಡಿದ್ದು ಅಂಥ ಚೀಲದ ಚೆಂಡಿನಲ್ಲೇ. ಹಾಲಿನ ಅಂಗಡಿಯಲ್ಲಿ ಸಿಗುವ ಚೀಲ. ಇದನ್ನು ಕೇಳಿದಾಗ ನಾನು ತುಂಬ ಹೊತ್ತು ಮಾತಾಡಲಿಲ್ಲ. ನಮ್ಮ ಶಾಲೆಯ ಸ್ಟೋರ್ ರೂಮಿನಲ್ಲಿ ಹಳೆಯ ಚೆಂಡುಗಳೂ ಇದ್ದವು, ಚೀಲಗಳೂ ಇದ್ದವು. ಗೋಳಿಮರದಿಂದ ಆ ಕೋಣೆಗೆ ಮೂವತ್ತು ಹೆಜ್ಜೆ.

ಭಾನುವಾರ ಬೆಳಗ್ಗೆ ಆರಕ್ಕೆಲ್ಲ ಆಟ. ಅಷ್ಟು ಬೇಗ ಯಾಕೆ ಎಂದೆ. "ರಸ್ತೆ ಎದ್ದ ಮೇಲೆ ಚೆಂಡು ಕೇಳುದಿಲ್ಲ ಸರ್." ಕೊಚ್ಚಿಯಲ್ಲೂ ಈಗ ಬೆಂಗಳೂರಿನ ಹಾಗೆ ಎಲ್ಲಿ ನೋಡಿದರೂ ಗಂಟೆಗಿಷ್ಟು ಬಾಡಿಗೆಯ ಟರ್ಫ್‌ಗಳು. ಮಾಡು ಹಾಕಿದವುಗಳಲ್ಲಿ ಇವರ ಆಟ ಸಾಗುವುದಿಲ್ಲ, ಸದ್ದು ಮೇಲೆ ತಾಗಿ ಮರಳಿ ಬಂದು ದಿಕ್ಕು ತಪ್ಪಿಸುತ್ತದೆ. ಅದಕ್ಕೆ ಬಯಲೇ ಬೇಕು. ಒಬ್ಬ ಟರ್ಫ್ ಮಾಲೀಕರು ಭಾನುವಾರದ ಮೊದಲ ಎರಡು ಗಂಟೆ ಇವರಿಗೆ ಅರ್ಧ ಬಾಡಿಗೆಗೆ ಬಿಟ್ಟಿದ್ದಾರೆ.

ಭಾರತದ ಅಂಧರ ಫುಟ್‌ಬಾಲ್ ಒಕ್ಕೂಟ 2016ರಲ್ಲಿ ಹುಟ್ಟಿದ್ದು ಇದೇ ಕೊಚ್ಚಿಯಲ್ಲಿ. 2022ರ ನವೆಂಬರ್‌ನಲ್ಲಿ ಏಷ್ಯಾ–ಓಷಿಯಾನಿಯಾ ಚಾಂಪಿಯನ್‌ಷಿಪ್ ನಡೆದದ್ದೂ ಇಲ್ಲೇ. ಆಟದ ಬೇರು ಸ್ಪೇನ್ ಮತ್ತು ಬ್ರೆಜಿಲ್‌ನ ಅಂಧರ ಶಾಲೆಗಳ ಅಂಗಳದಲ್ಲಿದೆ. ಮೊದಲ ವಿಶ್ವ ಚಾಂಪಿಯನ್‌ಷಿಪ್ ಬ್ರೆಜಿಲ್‌ನಲ್ಲಿ 1998ರಲ್ಲಿ. 2004ರ ಅಥೆನ್ಸ್‌ನಿಂದ ಪ್ಯಾರಾಲಿಂಪಿಕ್ಸ್‌ಗೆ ಸೇರಿತು, ಅಲ್ಲಿಂದ ಸತತ ಐದು ಚಿನ್ನ ಬ್ರೆಜಿಲ್ಲಿಗೆ. ಆ ಸರಪಣಿ ಕಡಿದದ್ದು 2024ರಲ್ಲಿ, ಪ್ಯಾರಿಸ್ಸಿನ ಐಫೆಲ್ ಗೋಪುರದ ಬುಡದ ಮೈದಾನದಲ್ಲಿ. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಬ್ರೆಜಿಲ್ಲನ್ನು ಕೆಡವಿತು, ಫೈನಲ್‌ನಲ್ಲಿ ಫ್ರಾನ್ಸ್ ಅರ್ಜೆಂಟೀನಾವನ್ನು. ಆ ಫೈನಲನ್ನು ನನ್ನ ಶಿಷ್ಯ ಫೋನಿನಲ್ಲಿ ಕೇಳಿದ್ದಾನೆ. "ಅಷ್ಟು ಜನ ಇದ್ರೂ ಚೆಂಡಿನ ಸದ್ದು ಕೇಳ್ತಿತ್ತು ಸರ್" ಎಂದ.

ಐದೈದು ಜನ. ಗೋಲಿಗೆ ಮಾತ್ರ ಕಣ್ಣು ಕಾಣುತ್ತದೆ, ಅವನು ತನ್ನ ಪುಟ್ಟ ಚೌಕ ಬಿಟ್ಟು ಬರುವಂತಿಲ್ಲ. ಉಳಿದ ನಾಲ್ವರ ಕಣ್ಣಿಗೂ ಹತ್ತಿಯ ಪಟ್ಟಿ, ಅದರ ಮೇಲೆ ಕಪ್ಪು ಪಟ್ಟಿ. ಒಬ್ಬನಿಗೆ ನೆರಳು ಕಾಣಬಹುದು, ಇನ್ನೊಬ್ಬನಿಗೆ ಅದೂ ಇಲ್ಲ, ಪಟ್ಟಿ ಕಟ್ಟಿದ ಮೇಲೆ ಎಲ್ಲರೂ ಸಮ. ಮೈದಾನದ ಉದ್ದಕ್ಕೂ ಎರಡು ಬದಿಯಲ್ಲಿ ಸೊಂಟದೆತ್ತರದ ಹಲಗೆ. ಚೆಂಡು ಹೊರಗೆ ಹೋಗುವುದಿಲ್ಲ, ಆಟಗಾರ ಹಲಗೆಗೆ ಕೈ ತಾಗಿಸಿ ತಾನೆಲ್ಲಿದ್ದೇನೆಂದು ತಿಳಿಯುತ್ತಾನೆ, ಚೆಂಡನ್ನು ಅದಕ್ಕೆ ಹೊಡೆದು ವಾಪಸ್ ಪಡೆಯುತ್ತಾನೆ. ಚೆಂಡಿನತ್ತ ನುಗ್ಗುವವನು "ವೋಯ್" ಎಂದು ಕೂಗಲೇಬೇಕು, ಕೂಗದಿದ್ದರೆ ಫೌಲ್. ಸ್ಪ್ಯಾನಿಷ್ ಭಾಷೆಯಲ್ಲಿ ಬರುತ್ತಿದ್ದೇನೆ ಎಂಬರ್ಥವಂತೆ. ನಮ್ಮ ಕಡೆ ಬೇಲಿಯಾಚೆ ಇದ್ದವರನ್ನು "ಓಯ್" ಎಂದು ಕರೆಯುತ್ತೇವಲ್ಲ, ನನಗೆ ಹಾಗೆಯೇ ಕೇಳಿತು. ಹತ್ತು ನಿಮಿಷ ಆಟ ನೋಡುತ್ತಾ ನಿಂತೆ. ವೋಯ್, ವೋಯ್, ಕಟಕಟ, ಹುಲ್ಲಿನ ಮೇಲೆ ಬೂಟಿನ ತಿಕ್ಕಾಟ. ನನ್ನ ಶಿಷ್ಯ ಎಡಗಾಲಿಗೆ ಚೆಂಡು ಅಂಟಿಸಿಕೊಂಡವನಂತೆ ಹಲಗೆಗುಂಟ ಸಾಗಿ, ಒಮ್ಮೆಲೇ ಒಳಕ್ಕೆ ತಿರುಗಿ, ಇಬ್ಬರ ನಡುವಿನಿಂದ ಹೊರಬಂದ. ಹದಿನಾಲ್ಕನೇ ವಯಸ್ಸಿನಲ್ಲಿ ಹೀಗೆಯೇ ತಿರುಗುತ್ತಿದ್ದ. ನಾನು ತಡೆಯಲಾರದೆ "ಭಲೇ!" ಎಂದು ಕೂಗಿಬಿಟ್ಟೆ.

ಆಟ ನಿಂತಿತು. ಎಂಟು ಮುಖಗಳು ನನ್ನ ಕಡೆ ತಿರುಗಿದವು. ಯಾರೂ ಬೈಯಲಿಲ್ಲ. ತರಬೇತುದಾರರು ಹತ್ತಿರ ಬಂದು ಮಲಯಾಳದಲ್ಲಿ, ಗೋಲಾದ ಮೇಲೆ ಎಷ್ಟು ಬೇಕಾದರೂ ಕೂಗಿ, ಅಲ್ಲಿಯವರೆಗೆ ಚೆಂಡನ್ನು ಮುಚ್ಚಬೇಡಿ ಎಂದರು. ಚೆಂಡನ್ನು ಮುಚ್ಚುವುದು. ಸದ್ದು ಮಾಡಿ ಚೆಂಡನ್ನು ಮುಚ್ಚಿಬಿಡಬಹುದು ಎಂಬ ಮಾತನ್ನು ನಾನು ಮೊದಲ ಸಲ ಕೇಳಿದ್ದು. ಮೂರು ದಶಕ ಗಂಟಲು ಹರಿಯುವಂತೆ ಕೂಗಿ, ಸೀಟಿ ಊದಿ, ಅದನ್ನೇ ಹುರುಪು ಎಂದುಕೊಂಡಿದ್ದೆ.

ಎರಡನೇ ಅರ್ಧಕ್ಕೆ ಎದುರು ಗೋಲಿನ ಹಿಂದೆ ನಿಲ್ಲುವ ಗೈಡ್ ಬಂದಿರಲಿಲ್ಲ. "ನಮ್ಮ ಸರ್ ನಿಲ್ತಾರೆ" ಎಂದು ನನ್ನ ಶಿಷ್ಯ ಹೇಳಿಬಿಟ್ಟ. ಮೈದಾನವನ್ನು ಅಡ್ಡಕ್ಕೆ ಮೂರು ಭಾಗ ಮಾಡಿರುತ್ತಾರೆ. ತಮ್ಮ ಗೋಲಿನ ಸಮೀಪದ ಭಾಗದಲ್ಲಿ ಗೋಲಿ ದಾರಿ ಹೇಳುತ್ತಾನೆ, ನಡುಭಾಗದಲ್ಲಿ ಬದಿಯಿಂದ ತರಬೇತುದಾರ, ಎದುರಾಳಿಯ ಭಾಗಕ್ಕೆ ಚೆಂಡು ಬಂದ ಮೇಲೆ ಗೋಲಿನ ಹಿಂದೆ ನಿಂತ ಗೈಡ್. ಅವರವರ ಭಾಗದಲ್ಲಿ ಚೆಂಡಿರುವಾಗ ಮಾತ್ರ ಅವರವರ ದನಿ. ಮೂವರೂ ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಕೆಲಸಕ್ಕೆ ಬರುವುದಿಲ್ಲ.

ಚೆಂಡು ನನ್ನ ಭಾಗಕ್ಕೆ ಬಂತು. ನಾನು ಬಾಯಿ ತೆರೆದೆ. "ಅಲ್ಲಿ! ಆ ಕಡೆ! ಇಲ್ಲಿ ಹೊಡಿ!" ನನ್ನ ಕೈ ಗಾಳಿಯಲ್ಲಿ ತೋರಿಸುತ್ತಿತ್ತು. ಅವನು ತಬ್ಬಿಬ್ಬಾಗಿ ನಿಂತ, ಚೆಂಡು ಹೋಯಿತು. ಇನ್ನೊಂದು ಬಾರಿ. "ನೋಡು, ನೋಡು, ಮುಂದೆ ನೋಡು!" ಮತ್ತೆ ಹೋಯಿತು. ಅಲ್ಲಿ ಎಂದರೆ ಎಲ್ಲಿ? ಆ ಕಡೆ ಎಂದರೆ ಯಾವ ಕಡೆ? ಇಷ್ಟು ವರ್ಷ ನಾನು ಆಟ ಕಲಿಸಿದ ಮಾತುಗಳಲ್ಲಿ ಅರ್ಧಕ್ಕರ್ಧ ಮಾತೇ ಅಲ್ಲ, ಬೆರಳು. ಬೆರಳು ಕಾಣದವನಿಗೆ ನನ್ನ ಪಾಠದಲ್ಲಿ ಏನೂ ಇರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಒಬ್ಬಳು ಕಾಲೇಜು ಹುಡುಗಿ, ಅವಳೂ ಆಟಗಾರ್ತಿ, ತನ್ನ ಸರದಿಗೆ ಕಾಯುತ್ತಿದ್ದವಳು, ತಗ್ಗಿದ ದನಿಯಲ್ಲಿ ನನಗೆ ಹೇಳಿಕೊಟ್ಟಳು. ಇಡತ್ತ್, ವಲತ್ತ್. ನಮ್ಮ ಎಡ ಬಲದ್ದೇ ಅಕ್ಕತಂಗಿಯರು. ಎಷ್ಟು ಮೀಟರ್ ಎಂದು ಮೊದಲು ಹೇಳಿ, ಆಮೇಲೆ ಯಾವ ಬದಿ, ಎದುರಿಗೆ ಎಷ್ಟು ಜನ. ಹೊಡೆಯುವ ಹೊತ್ತಾದಾಗ ಒಂದೇ ಮಾತು. ಅವನ ಉಸಿರಿನ ನಡುವೆ ಹೇಳಿ, ಉಸಿರಿನ ಮೇಲೆ ಹೇಳಬೇಡಿ. ಇಪ್ಪತ್ತರ ಹುಡುಗಿ ಅರವತ್ತೆರಡರ ಮೇಷ್ಟ್ರಿಗೆ ಹೇಳಿಕೊಟ್ಟ ಪಾಠ ಇಷ್ಟು. 2023ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಂಧ ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಭಾರತದ ತಂಡವೂ ಆಡಿತ್ತು. ಅದನ್ನು ರೇಡಿಯೊದಲ್ಲಿ ಕೇಳಿದ ಅಣ್ಣ ಹೇಳಿದ ಮೇಲೆ ತಾನು ಬಂದೆ ಎಂದಳು. ಅದೇ ಊರಿನ ಅದೇ ಕೂಟದಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ವರ್ಷಾ ನಾಯಕಿಯಾಗಿದ್ದ ಅಂಧ ಮಹಿಳೆಯರ ಕ್ರಿಕೆಟ್ ತಂಡ ಆಸ್ಟ್ರೇಲಿಯಾವನ್ನು ಸೋಲಿಸಿ ಚಿನ್ನ ಗೆದ್ದಿತ್ತು. ಅದನ್ನು ನಾನು ಅವಳಿಗೆ ಹೇಳಿದೆ. ಅವಳಿಗೆ ಗೊತ್ತಿತ್ತು. ಕ್ರಿಕೆಟ್ಟಿನ ಚೆಂಡು ಪ್ಲಾಸ್ಟಿಕ್ಕಿನದು, ಬೇರೆ ಸದ್ದು ಎಂದಳು.

ಆಟ ಮುಗಿಯಲು ಸ್ವಲ್ಪ ಇರುವಾಗ ನಮ್ಮ ತಂಡಕ್ಕೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ನಿಂತವನು ನನ್ನ ಶಿಷ್ಯ. ಪೆನಾಲ್ಟಿಗೆ ಮೊದಲು ಗೈಡ್ ಗೋಲಿನ ಎರಡೂ ಕಂಬಗಳನ್ನು ಗಟ್ಟಿ ವಸ್ತುವಿನಿಂದ ಬಡಿದು ತೋರಿಸಬೇಕು. ಆ ಎರಡು ಸದ್ದಿನ ನಡುವಿನ ಅಗಲವೇ ಅವನ ಗೋಲು. ನಾನು ಜೇಬಿಗೆ ಕೈ ಹಾಕಿದೆ. ನಿವೃತ್ತನಾದ ಮೇಲೂ ಅಭ್ಯಾಸಬಲದಿಂದ ಇಟ್ಟುಕೊಂಡಿರುವ ನನ್ನ ಸ್ಟೀಲಿನ ಸೀಟಿ ಸಿಕ್ಕಿತು. ಎಡಗಂಬಕ್ಕೆ ಹೋಗಿ ಬಡಿದೆ. ಟಣ್. ನಡೆದು ಬಂದು ಬಲಗಂಬಕ್ಕೆ ಬಡಿದೆ. ಟಣ್. ಅವನು ತಲೆಯನ್ನು ಸ್ವಲ್ಪ ಓರೆ ಮಾಡಿ ಕೇಳಿದ. "ಇನ್ನೊಮ್ಮೆ ಸರ್." ಇನ್ನೊಮ್ಮೆ ಬಡಿದೆ. ಟಣ್, ಟಣ್. ಗೇಟಿನ ಹೊರಗೆ ಒಂದು ರಿಕ್ಷಾ ಬಂದು ನಿಂತು, ಚಾಲಕ ಏನೆನಿಸಿತೋ ಎಂಜಿನ್ ಆರಿಸಿದ. ನನ್ನ ಶಿಷ್ಯ ಬಗ್ಗಿ ಚೆಂಡನ್ನು ಕೈಯಿಂದ ಮುಟ್ಟಿ ಇದೆಯೆಂದು ಖಚಿತ ಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಹೊಡೆದ. ಚೆಂಡು ಗೋಲಿಯ ಬೆರಳಿಗೆ ತಾಗಿ, ನಾನು ಕೊನೆಗೆ ಬಡಿದ ಆ ಬಲಗಂಬಕ್ಕೇ ಬಡಿದು ಹೊರಗೆ ಹೋಯಿತು.

"ಕಂಬಕ್ಕಾ ಸರ್?"

"ಕಂಬಕ್ಕೆ ಮಾರಾಯ. ನಾಲ್ಕು ಬೆರಳು ಒಳಗೆ ಬೇಕಿತ್ತು."

"ನಾಲ್ಕೇ ಬೆರಳಾ?" ಎಂದು ಅವನು ನಕ್ಕ. ಎದುರು ತಂಡದವರೂ ನಕ್ಕರು.

ಆಟ ಮುಗಿದ ಮೇಲೆ ಗೇಟಿನ ಪಕ್ಕದ ಗೂಡಂಗಡಿಯಲ್ಲಿ ಚಾ ಕುಡಿದೆವು. ಏಳು ಮುಕ್ಕಾಲಾಗಿತ್ತು, ರಸ್ತೆ ಎದ್ದಿತ್ತು. ಕನ್ನಡಕ ಹಾಕಿದ ಆಫೀಸಿನ ಹುಡುಗರ ತಂಡವೊಂದು ಎಂಟರ ಪಾಳಿಗೆ ಬಂದು ಕಾಯುತ್ತಿತ್ತು. ಅವರಲ್ಲಿ ಇಬ್ಬರು ಹಲಗೆಗಳನ್ನು ಎತ್ತಿ ಬದಿಗಿಡಲು ಮುಂದಾದರು. ಬೇಡ, ಅಲ್ಲೇ ಇರಲಿ, ನಾವೂ ಹಲಗೆಯೊಂದಿಗೆ ಆಡುತ್ತೇವೆ ಎಂದು ಅವರ ನಾಯಕ ಹೇಳಿದ. ಕಳೆದ ತಿಂಗಳಿನಿಂದ ಅವರು ಹಾಗೆಯೇ ಆಡುತ್ತಿದ್ದಾರಂತೆ. ಚೆಂಡು ಹೊರಗೆ ಹೋಗದಿದ್ದರೆ ಆಟಕ್ಕೆ ಓಘ ಹೆಚ್ಚು.

ಚಾ ಲೋಟ ಹಿಡಿದು ನಾನು ಗೋಳಿಮರದ ಮಾತು ತೆಗೆದೆ. ಎರಡು ದಿನದಿಂದ ಗಂಟಲಲ್ಲಿ ಇಟ್ಟುಕೊಂಡದ್ದು. ತಪ್ಪಾಯಿತು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಬೇಜಾರು ಇತ್ತು ಸರ್. ಇಲ್ಲ ಅಂತ ಹೇಳುದಿಲ್ಲ. ನೀವು ಬೈತಾ ಇದ್ದಾಗ ನಾನು ಟೀಮಿನಲ್ಲಿ ಇದ್ದೆ. ನೀವು ಬೈಯುದು ನಿಲ್ಲಿಸಿದ ದಿನ ಟೀಮಿನಿಂದ ಹೋದೆ." ಆಮೇಲೆ ಸೇರಿಸಿದ: "ಮರದ ಕೆಳಗೆ ಕೂತು ಕೂತು ಯಾರು ಚೆಂಡು ಒದ್ದದ್ದು ಅಂತ ಸದ್ದಿನಲ್ಲೇ ಗೊತ್ತಾಗ್ತಿತ್ತು. ಬಲಗಾಲಿನದ್ದು ಬೇರೆ, ಎಡಗಾಲಿನದ್ದು ಬೇರೆ. ಯಾರಾದ್ರೂ ಕೇಳಿದ್ರೆ ಹೇಳ್ತಿದ್ದೆ."

ಹೊರಡುವಾಗ ಅವನು ನನ್ನ ಚೀಲಕ್ಕೆ ಒಂದು ಹಳೆಯ ಚೆಂಡು ಹಾಕಿದ. ಒಂದು ಬದಿಯ ಹೊಲಿಗೆ ಬಿಟ್ಟಿದೆ, ಒಳಗಿನ ಡಬ್ಬಿಗಳಲ್ಲಿ ಒಂದು ಸದ್ದು ಮಾಡುವುದಿಲ್ಲ, ಉಳಿದವು ಸರಿಯಿವೆ. ನಮ್ಮೂರ ಮೈದಾನದಲ್ಲಿ ಭಾನುವಾರ ಬೆಳಗ್ಗೆ ಒಂದು ಗಂಟೆ ಸಿಗುತ್ತದೆಯೇ ಎಂದು ಪಂಚಾಯತ್‌ನವರನ್ನು ಕೇಳುತ್ತೇನೆ ಎಂದು ಅವನಿಗೆ ಮಾತು ಕೊಟ್ಟಿದ್ದೇನೆ. ಮೈದಾನದ ಬಳಿ ಕಕ್ಕಸು ಕೋಣೆಯ ಅರ್ಜಿಯನ್ನೂ ಅದರ ಜೊತೆಗೇ ಕೊಡುವವನಿದ್ದೇನೆ. ಹಲಗೆಗೆ ಆರಂಭದಲ್ಲಿ ಅಡಕೆ ಸಲಾಕೆಯಾದರೂ ಸಾಕು, ಸಿಗುರು ಕೆತ್ತಿ ನುಣುಪು ಮಾಡಿದರೆ ಆಯಿತು. ಅದು ನಮ್ಮಲ್ಲಿ ಬೇಕಾದಷ್ಟಿದೆ.

ವಾಪಸಿನ ರೈಲಿನಲ್ಲಿ ಚೀಲವನ್ನು ಸೀಟಿನ ಕೆಳಗಿಟ್ಟಿದ್ದೆ. ಕಣ್ಣೂರಿನ ಹತ್ತಿರ ಗಾಡಿ ತಟ್ಟನೆ ಬ್ರೇಕ್ ಹಾಕಿದಾಗ ಚೆಂಡು ಹೊರಗುರುಳಿ ಕಟಕಟ ಎನ್ನುತ್ತಾ ಎದುರು ಸೀಟಿನವರ ಕಾಲಿನ ನಡುವೆ ಹೋಯಿತು. ಅಲ್ಲಿ ಕೂತಿದ್ದ ಏಳೆಂಟು ವರ್ಷದ ಹುಡುಗಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಇದರ ಒಳಗೆ ಎಂಥ ಉಂಟು ಅಜ್ಜ?"